ಬರಿದಾಗದ ಮುಲಾಮಿನ ಡಬ್ಬಿ

ಹೋದ ವರ್ಷದ ಡಿಸೆಂಬರ್ ತಿಂಗಳು. ನನ್ನ ಮಗಳು ದೀಪಾ ಚೊಚ್ಚಲ ಬಾಣಂತನಕ್ಕೆಂದು ದಾಂಡೇಲಿಯ ನಮ್ಮ ಮನೆಗೆ ಬಂದಿದ್ದಳು. ನಮ್ಮ ಯಜಮಾನರು ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ದಿನದಿಂದ ನಾನು ಇದೇ ಕ್ವಾರ್ಟರ್ಸ್ ಸಾಲಿನಲ್ಲಿದ್ದೇನೆ. ಒಬ್ಬರ ಮನೆಯ ಗೋಡೆಗೆ ಇನ್ನೊಬ್ಬರ ಮನೆಯ ಗೋಡೆ. ನಾನು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಪಕ್ಕದ ಮನೆಯವರು ಸೀನುತ್ತಾರೆ. ಇಂಥ ಕಡೆ ಯಾವ ಗುಟ್ಟೂ ನಿಲ್ಲುವುದಿಲ್ಲ. ಆದರೆ ಕಷ್ಟ ಬಂದಾಗ ಯಾರೂ ಒಬ್ಬರೇ ಕೂತು ಅಳಬೇಕಾಗಿಯೂ ಇಲ್ಲ.

ಕೂಸು ಹೆಣ್ಣು. ಹುಟ್ಟಿದಾಗ ಬೆಣ್ಣೆಯಂಥ ಮೈ ಇತ್ತು. ಎರಡು ತಿಂಗಳು ತುಂಬಿತೋ ಇಲ್ಲವೋ, ಎರಡೂ ಗಲ್ಲ ಕೆಂಪಗಾಗಿ, ಮುಟ್ಟಿದರೆ ಒರಟಾಗಿ, ಸಣ್ಣಗೆ ಹೊಟ್ಟು ಏಳತೊಡಗಿತು. ಮೊಣಕೈ ಒಳಭಾಗದಲ್ಲೂ ಅದೇ ಕಥೆ. ಕೂಸು ರಾತ್ರಿಯೆಲ್ಲ ತಲೆ ಆಡಿಸಿ ಗಲ್ಲವನ್ನು ಹಾಸಿಗೆಗೆ ತಿಕ್ಕುತ್ತಿತ್ತು. ನೋಡಲು ಬಂದವರೆಲ್ಲ ಒಂದೊಂದು ಹೇಳಿದರು. ದೃಷ್ಟಿಯಾಗಿದೆ ಎಂದು ಒಬ್ಬರು, ಬಾಣಂತಿ ಬದನೆಕಾಯಿ ತಿಂದಿದ್ದಾಳೆ ಎಂದು ಇನ್ನೊಬ್ಬರು. ಪುಕ್ಕಟೆ ಸಲಹೆ ಕೊಡುವವರನ್ನು ಕಂಡರೆ ನನಗೆ ಮೊದಲೇ ಆಗದು. "ಬದನೀಕಾಯಿ ಮನ್ಯಾಗ ತಂದ ಇಲ್ಲ, ಹೆಂಗ ತಿಂದಾಳು?" ಎಂದು ಒಬ್ಬಾಕೆಗೆ ಮುಖದ ಮೇಲೆಯೇ ಅಂದುಬಿಟ್ಟೆ.

ದೀಪಾಳ ಗಂಡನ ಮನೆ ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಹತ್ತಿರ. ಒಕ್ಕಲುತನದ ಮನೆ, ಒಳ್ಳೆಯ ಜನ. ಅವಳ ಅತ್ತೆ ದಿನಾ ಸಂಜೆ ವಿಡಿಯೋ ಕಾಲ್ ಮಾಡಿ ಮೊಮ್ಮಗಳ ಮುಖ ನೋಡುತ್ತಿದ್ದರು. ಒಂದು ದಿನ "ಕೂಸಿನ ಗಲ್ಲಾ ಯಾಕವಾ ಹಂಗ ಕೆಂಪಗ ಆಗ್ಯಾವ? ಸಂಕ್ರಮಣ ಆದ ಮ್ಯಾಲ ಕರಕೊಂಡು ಹೋಗಾಕ ಬರತೇವಿ, ಅಷ್ಟರಾಗ ಆರಾಮ ಆಗತೈತಿಲ್ಲೋ?" ಎಂದು ಕೇಳಿದರು. ಪ್ರೀತಿಯಿಂದಲೇ ಕೇಳಿದ್ದು. ಆದರೆ ದೀಪಾಳಿಗೆ ಅದು ಚುಚ್ಚಿತು. ಫೋನ್ ಇಟ್ಟವಳೇ, "ಅವ್ವಾ, ನಾ ನೀಲಾ ಆಯಿ ಕಡೆ ಹೋಗಿ ಮುಲಾಮು ತರತೇನಿ" ಎಂದು ಎದ್ದಳು.

ನೀಲಾ ಆಯಿ ಅಂದರೆ ನಮ್ಮ ಪಕ್ಕದ ಮನೆಯ ನೀಲಕ್ಕ. ಬೈಲಹೊಂಗಲ ಕಡೆಯವಳು. ಅವಳ ಗಂಡ ಕಾರ್ಖಾನೆಯಿಂದ ನಿವೃತ್ತರಾಗಿ ತೀರಿಕೊಂಡರು. ಈಗ ಮಗ ಅಲ್ಲಿಯೇ ಕೆಲಸಕ್ಕಿರುವುದರಿಂದ ಮನೆ ಉಳಿದಿದೆ. ನಾನು ಸಂಜೆ ರೊಟ್ಟಿ ಬಡಿಯುವಾಗ ದೀಪಾಳನ್ನು ಸೊಂಟದ ಮೇಲೆ ಹೊತ್ತು ಸಾಲಿನ ಈ ತುದಿಯಿಂದ ಆ ತುದಿಗೆ ತಿರುಗಿದವಳು ಅವಳೇ. ದೀಪಾ ನಡೆಯಲು ಕಲಿತದ್ದು ನಮ್ಮ ಮನೆಯಲ್ಲಲ್ಲ, ಅವರ ಮನೆಯಲ್ಲಿ.

ನೀಲಕ್ಕನಿಗೆ ಹರೆಯದಲ್ಲಿ ಎರಡೂ ಕೈಗೆ ಇಸಬು ಇತ್ತಂತೆ. ಕೈ ಬಿರಿದು ನೀರು ಒಸರುತ್ತಿತ್ತು. ಆಗಿನ ಜನ ಅದನ್ನು ಅಂಟುರೋಗ ಎಂದುಕೊಂಡು ಅವಳ ಕೈಯಿಂದ ನೀರು ಕುಡಿಯುತ್ತಿರಲಿಲ್ಲ. ಇಸಬು ಅಂಟುವುದಿಲ್ಲ ಎಂದು ಹೇಳುವವರೂ ಯಾರೂ ಇರಲಿಲ್ಲ. ಆರತಿ ಬೆಳಗಲು ಕರೆದರೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಕೂತುಬಿಡುತ್ತಿದ್ದಳಂತೆ. ಕಡೆಗೆ ಧಾರವಾಡದ ಒಬ್ಬ ಡಾಕ್ಟರು ಒಂದು ಟ್ಯೂಬ್ ಬರೆದುಕೊಟ್ಟ ಮೇಲೆ ಗುಣವಾಯಿತು. ಅಂದಿನಿಂದ ಮುಲಾಮು ಎಂದರೆ ಅವಳಿಗೆ ದೇವರ ಪ್ರಸಾದ. ಗುಣವಾದ ಮೇಲೂ ತನ್ನ ಕೈಗೆ ಹಚ್ಚಿಕೊಳ್ಳುವುದನ್ನು ಬಿಡಲಿಲ್ಲ. ತಾನು ಪಟ್ಟ ಪಾಡು ಇನ್ನೊಬ್ಬರು ಪಡಬಾರದೆಂದು ಯಾರಿಗೆ ಎಲ್ಲಿ ಕೆರೆತ ಎಂದರೂ ಓಡಿ ಬಂದು ಹಚ್ಚುತ್ತಿದ್ದಳು.

ಆ ಮುಲಾಮು ಇರುತ್ತಿದ್ದದ್ದು ಹಳೆಯ ಕಾಲದ ದಪ್ಪ ಗಾಜಿನ, ಮುಖಕ್ಕೆ ಹಚ್ಚುವ ಸ್ನೋ ಡಬ್ಬಿಯಲ್ಲಿ. ಟ್ಯೂಬಿನಲ್ಲಿ ಇಟ್ಟರೆ ಒಡೆಯುತ್ತದೆ, ನಾಕು ಮಂದಿಗೆ ಕೊಡಲು ಆಗುವುದಿಲ್ಲ ಎಂದು ಅವಳು ತಂದ ಕೂಡಲೇ ಎಲ್ಲವನ್ನೂ ಹಿಂಡಿ ಡಬ್ಬಿಗೆ ತುಂಬಿ ಟ್ಯೂಬ್ ಒಗೆಯುತ್ತಿದ್ದಳು. ಮೆಡಿಕಲ್ ಅಂಗಡಿಯಲ್ಲಿ "ಇಸಬಿಂದು ಕೊಡೋ ತಮ್ಮಾ" ಎಂದು ಕೇಳುವುದು, ಅವನು ಅಂದು ಯಾವುದು ಕೊಟ್ಟರೆ ಅದನ್ನು ತರುವುದು. ಇನ್ನು ನಮ್ಮ ಕಡೆಯ ಹೆಂಗಸರ ಪದ್ಧತಿ ನಿಮಗೆ ಗೊತ್ತಿರಬಹುದು. ಉಪ್ಪು, ಅಕ್ಕಿ, ಅರಿಸಿನ, ಕುಂಕುಮ ಯಾವುದನ್ನೂ ಬಳಿದು ಖಾಲಿ ಮಾಡುವುದಿಲ್ಲ. ತಳದಲ್ಲಿ ಒಂದಿಷ್ಟು ಉಳಿದಿರುವಾಗಲೇ ಮೇಲೆ ಹೊಸದು ಸುರಿಯಬೇಕು. ಡಬ್ಬಿ ಬರಿದಾದರೆ ಮನೆ ಬರಿದಾದ ಹಾಗೆ ಎಂದು ನನ್ನ ಅತ್ತೆಯೂ ಹೇಳುತ್ತಿದ್ದರು, ನಾನೂ ಹಾಗೆಯೇ ಮಾಡುತ್ತೇನೆ. ನೀಲಕ್ಕ ಮುಲಾಮಿಗೂ ಅದೇ ಮಡಿ ನಡೆಸಿದ್ದಳು. ಚಳಿಯಲ್ಲಿ ಗಟ್ಟಿಯಾಗಬಾರದೆಂದು ಡಬ್ಬಿಯನ್ನು ಒಲೆಯ ಮೇಲಿನ ಮಾಡದಲ್ಲಿ ಇಡುತ್ತಿದ್ದಳು. ಅದರಲ್ಲಿ ತಪ್ಪೇನಿದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ದೀಪಾ ಹೋಗಿ ಕೇಳಿದ ಕೂಡಲೇ ನೀಲಕ್ಕ ತಾನೇ ಡಬ್ಬಿ ಹಿಡಿದುಕೊಂಡು ಬಂದಳು. "ಅಯ್ಯ ನನ್ನ ಬಂಗಾರಾ, ಇಷ್ಟು ದಿನಾ ಯಾಕ ಹೇಳಲಿಲ್ಲ ನನಗ?" ಎಂದು ದೀಪಾಳಿಗೇ ಬೈದು, ಬೆರಳು ಅದ್ದಿ, ಕೂಸಿನ ಗಲ್ಲಕ್ಕೆ ಹಗುರಕ್ಕೆ ಸವರಿದಳು.

ಸುಳ್ಳು ಹೇಳಬಾರದು, ಮಾರನೇ ದಿನಕ್ಕೇ ಕೆಂಪು ಇಳಿಯಿತು. ಮೂರ್ನಾಲ್ಕು ದಿನದಲ್ಲಿ ಗಲ್ಲ ಮೊದಲಿನ ಹಾಗೆ ನುಣ್ಣಗಾಯಿತು. ದೀಪಾ ಕುಣಿದಾಡಿದಳು. ಅತ್ತೆಗೆ ತಾನೇ ವಿಡಿಯೋ ಕಾಲ್ ಮಾಡಿ ಕೂಸನ್ನು ತೋರಿಸಿದಳು. ನೀಲಕ್ಕ ಸ್ವಲ್ಪ ಮುಲಾಮನ್ನು ಸಣ್ಣ ಕುಂಕುಮದ ಡಬ್ಬಿಗೆ ತುಂಬಿ, "ದಿನಾ ಎರಡ ಸಲಾ ಹಚ್ಚು. ಪೂರಾ ಖಾಲಿ ಮಾಡಬ್ಯಾಡ ಮತ್ತ, ಸ್ವಲ್ಪ ಇರೂವಾಗ ಬಾ" ಎಂದು ಕೊಟ್ಟು ಹೋದಳು.

ಗುಣವಾಯಿತಲ್ಲ ಎಂದು ದೀಪಾ ಹಚ್ಚುವುದನ್ನು ನಿಲ್ಲಿಸಿದಳು. ಎರಡೇ ದಿನಕ್ಕೆ ಕೆಂಪು ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಮತ್ತೆ ಹಚ್ಚಿದಳು, ಇಳಿಯಿತು. ಬಿಟ್ಟಳು, ಏರಿತು. ಹೀಗೇ ಮೂರು ವಾರಕ್ಕೂ ಹೆಚ್ಚು ನಡೆಯಿತು. ಗಲ್ಲದ ತೊಗಲು ಹೊಳೆಯತೊಡಗಿ, ಕೆಳಗಿನ ಸಣ್ಣ ಸಣ್ಣ ನರ ಕಾಣಿಸುತ್ತಿದ್ದವು. ಕೂಸು ಬೆಳ್ಳಗಾಗುತ್ತಿದೆ ಎಂದು ನಾವು ಸಂತೋಷಪಟ್ಟೆವು ನೋಡಿ, ಎಂಥ ತಿಳಿವಳಿಕೆ ನಮ್ಮದು! ಆಮೇಲೆ ಒಂದು ದಿನ ಬೆಳಿಗ್ಗೆ ನೋಡಿದರೆ ಎರಡೂ ಗಲ್ಲದ ಮೇಲೆ ಕೀವು ತುಂಬಿದ ಗುಳ್ಳೆ. ಮೈ ಕಾದ ಹಂಚು. ಕೂಸು ಮೊಲೆಗೆ ಬಾಯಿ ಹಚ್ಚಲಿಲ್ಲ. ಅಳುವ ಶಕ್ತಿಯೂ ಇಲ್ಲದೆ ಕುಂಯ್ ಕುಂಯ್ ಎನ್ನುತ್ತಿತ್ತು. ಮಾಡಿಟ್ಟ ಅಡುಗೆ ಹಾಗೇ ಬಿಟ್ಟು ಆಟೋ ಹಿಡಿದು ಮಕ್ಕಳ ದವಾಖಾನೆಗೆ ಓಡಿದೆವು.

ಅಲ್ಲಿಯ ಡಾಕ್ಟರು ಹೆಣ್ಣುಮಗಳು, ಬೆಳಗಾವಿ ಕಡೆಯವರು. ಎಲ್ಲರೂ ಅವರನ್ನು ಡಾಕ್ಟರ್ ಬಾಯಾರು ಎಂದೇ ಕರೆಯುತ್ತಾರೆ. ಕೂಸಿನ ಜ್ವರ ನೋಡಿ, ಔಷಧ ಕೊಟ್ಟು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಏನ ಹಚ್ಚೀರಿ ಇದಕ್ಕ?"

"ಮುಲಾಮು ರೀ."

"ಯಾವ ಮುಲಾಮು?"

ದೀಪಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಷ್ಟು ವರ್ಷ ನಮ್ಮ ಸಾಲಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ನೀಲಕ್ಕನ ಮುಲಾಮು ರೀ" ಎಂದೆ. ಬಾಯಾರು ಅದು ಯಾವುದೋ ಹೊಸ ಕಂಪನಿಯ ಹೆಸರು ಎಂದುಕೊಂಡರೋ ಏನೋ, ಬರೆದುಕೊಳ್ಳಲು ಪೆನ್ನು ಎತ್ತಿದರು. ನಾನು ವಿವರಿಸಿದ ಮೇಲೆ ಪೆನ್ನು ಕೆಳಗಿಟ್ಟು, "ಆ ಡಬ್ಬಿ ತರಿಸ್ರಿ. ನಾ ನೋಡಬೇಕು" ಎಂದರು.

ನಾನು ನೀಲಕ್ಕನಿಗೆ ಫೋನ್ ಮಾಡಿದೆ. ಕೂಸಿಗೆ ಜ್ವರ, ಡಾಕ್ಟರು ಮುಲಾಮು ನೋಡಬೇಕಂತೆ ಎಂದಷ್ಟೇ ಹೇಳಿದೆ. ಸ್ವಲ್ಪ ಹೊತ್ತಿಗೆಲ್ಲ ಅವಳು ಬಂದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಡಬ್ಬಿಯನ್ನು ಸೆರಗಿನಲ್ಲಿ ಜೋಪಾನವಾಗಿ ಹಿಡಿದಿದ್ದಳು. ನನ್ನ ಕಿವಿಯಲ್ಲಿ, "ನಂದ ಮುಲಾಮು ಡಾಕ್ಟರಿಗೂ ಬೇಕಾತೇನು?" ಎಂದು ಕೇಳಿದಳು. ಅವಳ ಮುಖದ ತುಂಬ ಹೆಮ್ಮೆ. ಮುಂದೇನಾಗುತ್ತದೆ ಎಂದು ನನಗೆ ಅರ್ಧ ಗೊತ್ತಾಗಿತ್ತು, ಅವಳಿಗೆ ಏನೂ ಗೊತ್ತಿರಲಿಲ್ಲ.

ಬಾಯಾರು ಒಂದು ಕಟ್ಟಿಗೆಯ ಚಪ್ಪಟೆ ಕಡ್ಡಿಯಿಂದ ಡಬ್ಬಿಯ ತಳದವರೆಗೆ ಕೆದರಿದರು. ಮೇಲೆ ಬೆಳ್ಳಗಿತ್ತು. ಅದರ ಕೆಳಗೆ ಹಳದಿ. ತಳದಲ್ಲಿ ಕಂದು ಬಣ್ಣದ ಜಿಡ್ಡು, ಅದರ ಸುತ್ತ ನೀರು ಬಿಟ್ಟುಕೊಂಡಿತ್ತು. ಮೂಸಿ ನೋಡಿದರು. ನಮಗೂ ವಾಸನೆ ಬಂತು, ಹಳೆಯ ಎಣ್ಣೆಯ ಮುಗ್ಗಲು ವಾಸನೆ.

"ಎಷ್ಟ ಹಳೇದ ಅಜ್ಜಿ ಇದು?"

"ದೀಪಾ ಹುಟ್ಟೂಕಿಂತ ಮೊದಲಿಂದ್ರಿ ಬಾಯಾರ. ಒಂದ ದಿನಾನೂ ಖಾಲಿ ಬಿಟ್ಟಿಲ್ಲರಿ ನಾ!" ಎಂದಳು ನೀಲಕ್ಕ, ನಗುತ್ತ.

ಬಾಯಾರು ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನು ತಿರುಗಿ ಜಗಳ ತೆಗೆಯುತ್ತಿದ್ದೆ. ಅವರು ಕುರ್ಚಿಯನ್ನು ನೀಲಕ್ಕನ ಹತ್ತಿರ ಎಳೆದುಕೊಂಡು ಕೂತು, ಮೆಲ್ಲಗೆ ಹೇಳಿದರು. "ಅಜ್ಜಿ, ಇಸಬಿನ ಮುಲಾಮು ಅಂದ್ರ ಒಂದ ಅಲ್ಲ, ಬ್ಯಾರೆ ಬ್ಯಾರೆ ಇರತಾವ. ಕೆಲವದರಾಗ ಸ್ಟೆರಾಯ್ಡ್ ಅಂತ ಔಷಧ ಇರತೈತಿ. ದೊಡ್ಡವರ ಅಂಗೈ, ಅಂಗಾಲಿಗೆ ಕೊಡೋ ಜೋರಿಂದು ಕೂಸಿನ ಗಲ್ಲಕ್ಕ ಹಚ್ಚಿದ್ರ ತೊಗಲು ತೆಳ್ಳಗಾಗತೈತಿ. ಹಚ್ಚಿದಾಗ ಜಲ್ದಿ ಆರಾಮ ಆದಂಗ ಕಾಣತೈತಿ, ಬಿಟ್ಟ ಕೂಡಲೆ ಜೋರಾಗಿ ತಿರುಗಿ ಬರತೈತಿ. ಮತ್ತ ಮುಲಾಮಿಗೆ ಒಂದ ತಾರೀಖು ಇರತೈತಿ. ಒಮ್ಮೆ ತೆರದ ಮ್ಯಾಲ ಅದಕ್ಕೂ ಕಡಿಮಿ ದಿನಾ ಬಾಳಿಕಿ. ನೀವು ಟ್ಯೂಬ್ ಒಗದ್ರಿ, ತಾರೀಖೂ ಅದರ ಜೋಡಿ ಹೋತು. ಒಲಿ ಮ್ಯಾಲ ಇಟ್ಟು ಕೆಟ್ಟೈತಿ. ಹತ್ತು ಮಂದಿ ಬೆರಳು ಅದ್ದಿ ಕ್ರಿಮಿ ಸೇರ್ಯಾವ. ಅದ ಈಗ ಕೂಸಿನ ಮುಖದಾಗ ಕೀವು ಆಗೈತಿ."

ನೀಲಕ್ಕನ ನಗು ಎಲ್ಲಿ ನಿಂತಿತೋ ನನಗೆ ಗೊತ್ತಾಗಲಿಲ್ಲ. ಬಾಯಾರು ಅವಳ ಕೈ ಹಿಡಿದು ತಿರುಗಿಸಿ ನೋಡಿದರು. ಮುಂಗೈಯ ತೊಗಲು ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಿತ್ತು. ಅಲ್ಲಲ್ಲಿ ನೇರಳೆ ಬಣ್ಣದ ಕಲೆ. ಪಾತ್ರೆ ತಗುಲಿದರೂ ರಕ್ತ ಬರುತ್ತದೆ, ವಯಸ್ಸಾಯಿತಲ್ಲ ಎಂದು ಅವಳು ಯಾವಾಗಲೂ ಅನ್ನುತ್ತಿದ್ದಳು. "ಇದು ವಯಸ್ಸಿಂದ ಅಷ್ಟ ಅಲ್ಲ ಅಜ್ಜಿ. ನಿಮಗೂ ಇದ ಮಾಡೈತಿ. ನೀವು ವರ್ಷಾನುಗಟ್ಟಲೆ ಹಚ್ಚೀರಿ, ಮನಸಿಗೆ ಬಂದಂಗ ಒಮ್ಮೆಲೆ ಬಿಡಬ್ಯಾಡ್ರಿ, ಹಚ್ಚಲೂ ಬ್ಯಾಡ್ರಿ. ಚರ್ಮದ ಡಾಕ್ಟರಿಗೆ ಚೀಟಿ ಕೊಡತೇನಿ, ನಾಳೇನ ಹೋಗ್ರಿ" ಎಂದರು.

ನೀಲಕ್ಕ ತನ್ನ ಕೈಯ ಮಾತು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಹಾಸಿಗೆಯ ಮೇಲಿದ್ದ ಕೂಸನ್ನೇ ನೋಡುತ್ತಿದ್ದಳು. "ಹಂಗಾರ ಕೂಸಿಗೆ ನನ್ನಿಂದ ಹಿಂಗ ಆತೇನ್ರಿ?" ಎಂದಳು.

"ನಿಮ್ಮ ಮನಸಿನಿಂದ ಅಲ್ಲ ಅಜ್ಜಿ. ಡಬ್ಬಿಯಿಂದ ಆತು."

ಅಷ್ಟರಲ್ಲಿ ದೀಪಾ ಎದ್ದು ನಿಂತಳು. ನನ್ನ ಮಗಳಿಗೆ ನನ್ನದೇ ಸಿಟ್ಟು ಬಂದಿದೆ. "ಆಯಿ, ನೀ ಇನ್ನ ನನ್ನ ಕೂಸಿನ್ನ ಮುಟ್ಟಬ್ಯಾಡ! ನಮ್ಮ ಮನೀ ಕಡೆ ಬರಲೂ ಬ್ಯಾಡ!" ಎಂದು ಕಿರುಚಿದಳು. ಇಡೀ ದವಾಖಾನೆ ತಿರುಗಿ ನೋಡಿತು. ನಾನು "ದೀಪಾ!" ಎಂದೆ. ಒಂದು ಕಡೆ ಮೊಮ್ಮಗಳು, ಇನ್ನೊಂದು ಕಡೆ ಮಗಳನ್ನು ಎತ್ತಿ ಆಡಿಸಿದವಳು. ನೀಲಕ್ಕ ಡಬ್ಬಿಯ ಮುಚ್ಚಳ ತಿರುಗಿಸಿ, ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆ ಹಿಡಿದು ನಡೆದು ಹೋದಳು.

ಕೂಸನ್ನು ದವಾಖಾನೆಯಲ್ಲಿ ಇಟ್ಟುಕೊಂಡರು. ಜ್ವರ ಇಳಿಯುವವರೆಗೆ ನಾನು ಅನ್ನದ ರುಚಿ ನೋಡಲಿಲ್ಲ. ಕೂಸು ಮೊದಲ ಸಲ ಗಟ್ಟಿಯಾಗಿ ಹಾಲು ಎಳೆದಾಗ ದೀಪಾ ಬಿಕ್ಕಿ ಬಿಕ್ಕಿ ಅತ್ತಳು. ಮನೆಗೆ ಕಳಿಸುವಾಗ ಬಾಯಾರು ಎಲ್ಲವನ್ನೂ ಬಿಡಿಸಿ ಹೇಳಿದರು. ಕುದಿಯುವ ನೀರು, ಕಡಲೆಹಿಟ್ಟಿನ ತಿಕ್ಕಾಟ ಬೇಡ, ಉಗುರುಬೆಚ್ಚಗಿನ ನೀರು ಸಾಕು. ಮೈ ಒರೆಸಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮೈ ಒಣಗದಂತೆ ಹಚ್ಚುವ ಸಾದಾ ಕ್ರೀಮ್ ಹಚ್ಚಬೇಕು. ಕೀವು ಒಣಗಿ ಗಾಯ ಮಾಗಿದ ಮೇಲೆ ಅಗತ್ಯ ಬಿದ್ದರೆ ನಾವೇ ಸೌಮ್ಯವಾದ ಸ್ಟೆರಾಯ್ಡ್ ಮುಲಾಮು ಬರೆದುಕೊಡುತ್ತೇವೆ, ಹೆಸರು ಕೇಳಿ ಅಂಜಬೇಕಾಗಿಲ್ಲ, ಆದರೆ ಹೇಳಿದಷ್ಟೇ ಹೇಳಿದ ದಿನದವರೆಗೆ ಮಾತ್ರ ಎಂದರು. ಡಬ್ಬಿಯ ಕ್ರೀಮಾದರೆ ಒಣಗಿದ ಸ್ವಚ್ಛ ಚಮಚೆಯಿಂದ ತೆಗೆಯಬೇಕು, ಒಬ್ಬರದು ಇನ್ನೊಬ್ಬರಿಗೆ ಕೊಡಬಾರದು. ಬಾಣಂತಿ ಕೋಣೆಯಲ್ಲಿ ಶೇಗಡಿಯ ಕೆಂಡ ಇದೆ ಎಂದು ಕೇಳಿ ಬಾಯಾರು ಗಾಬರಿಯಾದರು. "ಕ್ರೀಮ್ ಹತ್ತಿದ ಬಟ್ಟಿ-ಅರಿವಿಗೆ ಬೆಂಕಿ ಲಗೂನ ಹತ್ತತೈತ್ರಿ. ಕೂಸಿನ್ನ ಅದರ ಹತ್ತರ ಒಯ್ಯಬ್ಯಾಡ್ರಿ" ಎಂದರು. ನಮ್ಮವರು ಅಂದೇ ಶೇಗಡಿಯನ್ನು ಹಿತ್ತಲಿಗೆ ಹಾಕಿ, ಹೊಸ ಕ್ರೀಮಿನ ಡಬ್ಬಿಯ ಮೇಲೆ ತೆರೆದ ತಾರೀಖನ್ನು ಪಟ್ಟಿ ಹಚ್ಚಿ ಬರೆದರು.

ಪಕ್ಕದ ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ದಿನಾ ಬೆಳಿಗ್ಗೆ ಹಿತ್ತಲಲ್ಲಿ ನೀಲಕ್ಕನ ಕೆಮ್ಮು, ಬಕೆಟ್ಟಿನ ಸದ್ದು ಕೇಳುವುದು ನನಗೆ ಗಡಿಯಾರ ಇದ್ದ ಹಾಗೆ. ಅದು ನಿಂತುಹೋಗಿತ್ತು. ಅವಳ ಮಗನನ್ನು ಕೇಳಿದರೆ, "ಅವ್ವ ಊಟಾ ಮಾಡವಲ್ಲಳ್ರಿ ಕಾಕು. ಚರ್ಮದ ಡಾಕ್ಟರಿಗೆ ತೋರಸಿದ್ವಿ, ಔಷಧ ಕೊಟ್ಟಾರ. ಆದ್ರ ಮಾತ ಆಡವಲ್ಲಳು" ಎಂದ. ನಾನು ದೀಪಾಳಿಗೆ ಹೇಳಿದೆ, "ಒಂದ ಮಾತ ಆಡಿಸವಾ. ನಿನ್ನ ಎತ್ತಿ ಬೆಳಸಿದಾಕಿ." ಅವಳು ಮುಖ ಆ ಕಡೆ ತಿರುಗಿಸಿ ಕೂಸಿಗೆ ಲಾಲಿ ಹಾಡತೊಡಗಿದಳು. ನನಗೆ ರೇಗಿತು. ಆದರೆ ಆ ಸಣ್ಣ ಮುಖದ ಮೇಲಿನ ಗಾಯ ಕಂಡಾಗ ಅವಳಿಗೆ ಬೈಯಲೂ ಬಾಯಿ ಬರಲಿಲ್ಲ.

ಒಂದು ಮಧ್ಯಾಹ್ನ ನಾನೇ ಹೋಗಿ ನೀಲಕ್ಕನ ಬಾಗಿಲು ಬಡಿದೆ. ತೆರೆದಳು. ಮುಖ ಬಾಡಿ ಇಷ್ಟೇ ಇಷ್ಟಾಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಆ ಗಾಜಿನ ಡಬ್ಬಿ ತೊಳೆದು ಬೋರಲು ಹಾಕಿತ್ತು. ಅದನ್ನು ಖಾಲಿ ನೋಡಿದ್ದು ನಾನು ಅದೇ ಮೊದಲು.

"ಶಾರದಾ, ಕೂಸು ಹೆಂಗ ಐತವಾ?"

"ಆರಾಮ ಆಗಾಕ ಹತ್ತೇತ್ರಿ. ಹಾಲು ಕುಡೀತೈತಿ."

ಅವಳು ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ, "ಮಂದಿಗೆ ಹೇಳಬೇಕಲ್ಲೋ?" ಎಂದಳು.

ನನಗೆ ತಿಳಿಯಲಿಲ್ಲ. "ಏನ ಹೇಳತೀರಿ ಮಂದಿಗೆ? ಡಬ್ಬಿ ತೊಳದ ಇಟ್ಟೀರಿ, ಅಲ್ಲಿಗೆ ಮುಗೀತು. ಸುಮ್ನ ಇರ್ರಿ. ಈ ಸಾಲಿನ ಮಂದಿ ಬಾಯಿ ನಿಮಗ ಗೊತ್ತಿಲ್ಲೇನು?"

"ನನ್ನ ಡಬ್ಬಿ ಮುಗೀತು ಶಾರದಾ. ಮನಿಮನಿಗೆ ಸಣ್ಣ ಸಣ್ಣ ಡಬ್ಯಾಗ ತುಂಬಿ ಕೊಟ್ಟೇನಲ್ಲ, ಅವೆಲ್ಲಾ ಹಂಗ ಅದಾವ. ಪೂರಾ ಖಾಲಿ ಮಾಡಬ್ಯಾಡ್ರಿ ಅಂತ ನಾನ ಹೇಳೇನಿ. ಅವರೂ ತಳದಾಗಿಂದು ಉಳಸಿಕೊಂಡ ಕುಂತಿರತಾರ. ಆ ಮನ್ಯಾಗೂ ಕೂಸುಗಳು ಅದಾವಲ್ಲವಾ!"

ನಮ್ಮ ಕೂಸಿನ ಗಾಬರಿಯಲ್ಲಿ ಈ ಮಾತು ನನಗೆ ಹೊಳೆದಿರಲೇ ಇಲ್ಲ.

ಅವತ್ತೇ ಹೊರಟೆವು. ಸಾಲಿನ ಆ ತುದಿಯ ಮನೆಯಿಂದ ಶುರು. ನೀಲಕ್ಕ ಯಾರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಹೊರಗೇ ನಿಂತು ಪ್ರತಿ ಮನೆಯಲ್ಲೂ ಅದೇ ಮಾತು ಹೇಳಿದಳು. "ನಾ ಕೊಟ್ಟ ಮುಲಾಮು ಕೆಟ್ಟಿತ್ತವಾ. ದೀಪಾನ ಕೂಸಿಗೆ ಅದರಿಂದ ತ್ರಾಸ ಆತು. ನಿಮ್ಮ ಮನ್ಯಾಗ ಇದ್ರ ಒಗದ ಬಿಡ್ರಿ. ಹಚ್ಚಿದ್ದ ಜಾಗಾ ಡಾಕ್ಟರಿಗೆ ತೋರಸ್ರಿ. ನಂದು ತಪ್ಪಾತು."

ಕೆಲವರು ನಕ್ಕರು. "ನಮಗೇನ ಆಗಿಲ್ಲ ಬಿಡ ನೀಲಕ್ಕ, ಚಾ ಕುಡದ ಹೋಗು" ಎಂದರು. ಕೆಲವರು ಮುಖ ಸಿಂಡರಿಸಿಕೊಂಡು ಡಬ್ಬಿ ತಂದು ಅವಳ ಕೈಗೆ ಕುಕ್ಕಿದರು. ನಮ್ಮ ಎದುರು ಮನೆಯ ಹುಡುಗಿ, ಸಣ್ಣ ಮಗನ ತಾಯಿ, ಕೆಂಡವಾದಳು. "ನಮ್ಮ ಹುಡುಗನ ತೊಡಿ ಸಂದಿಗೆ ಹಚ್ಚತಿದ್ದೆ. ಗೆರಿ ಗೆರಿ ಬಿದ್ದಾವ ಅಲ್ಲಿ. ಅದಕ್ಕೂ ನಿನ್ನ ಮುಲಾಮ ಕಾರಣೇನು? ದೊಡ್ಡ ಡಾಕ್ಟರ ಆಗಾಕ ಹೋಗಿದ್ದಿ ನೋಡು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ನನ್ನ ರಕ್ತ ಕುದಿಯಿತು. "ಬೇಕಾದಾಗ ಬಂದು ಕೈ ಒಡ್ಡಿ ಇಸಗೊಂಡು ಹೋದಾಕಿ ನೀನ ಅಲ್ಲೇನ?" ಎಂದು ಬಾಯಿ ತೆರೆದೆ. ನೀಲಕ್ಕ ನನ್ನ ರಟ್ಟೆ ಹಿಡಿದಳು. "ಸುಮ್ನಿರ ಶಾರದಾ. ಆಕೀದು ಖರೇ ಐತಿ." ಆ ಹುಡುಗಿಯ ಕಡೆ ತಿರುಗಿ, "ಅದಕ್ಕೂ ಕಾರಣ ಇರಬಹುದವಾ. ನಾಳೆ ದವಾಖಾನಿಗೆ ಹೋಗೂಣು. ನಿನ್ನ ಜೋಡಿ ನಾನೂ ಬರತೇನಿ" ಎಂದಳು. ಹುಡುಗಿ ಬಾಗಿಲು ಹಾಕಿಕೊಂಡಳು. ಆದರೆ ಮರುದಿನ ಇಬ್ಬರೂ ಆ ಹುಡುಗನನ್ನು ಕರೆದುಕೊಂಡು ಹೋಗುವುದನ್ನು ನಾನೇ ನೋಡಿದೆ.

ಹಳಿಯಾಳದಲ್ಲಿ ನೀಲಕ್ಕನ ತಂಗಿ ಇದ್ದಾಳೆ, ಅವಳಿಗೂ ಒಂದು ಡಬ್ಬಿ ಹೋಗಿತ್ತು. ಫೋನಿನಲ್ಲಿ ಹೇಳಿದರೆ ಆಕೆ ಕೇಳುವವಳಲ್ಲ ಎಂದು ಬಸ್ ಹತ್ತಿ ಅಲ್ಲಿಗೂ ಹೋದೆವು. ತಂಗಿ ಡಬ್ಬಿಯನ್ನು ಹಿಂದೆ ಮುಚ್ಚಿಟ್ಟುಕೊಂಡು, "ನಿನಗೇನ ಹುಚ್ಚ ಹಿಡದೈತೇನ? ನಾ ಕೊಡಾಂಗಿಲ್ಲ. ಇದರಿಂದ ನಂದು ಹಿಮ್ಮಡಿ ಆರಾಮ ಐತಿ" ಎಂದು ಹಟ ಹಿಡಿದಳು. ಅಕ್ಕತಂಗಿಯರು ಆ ವಯಸ್ಸಿನಲ್ಲಿ ಡಬ್ಬಿಗಾಗಿ ಎಳೆದಾಡಿದ್ದನ್ನು ನೋಡಿ ನನಗೆ ಆ ಸಂಕಟದಲ್ಲೂ ನಗು ಬಂತು. ಕಡೆಗೆ ನೀಲಕ್ಕನೇ ಗೆದ್ದಳು. ಬಸ್ಸಿನಲ್ಲಿ ತಿರುಗಿ ಬರುವಾಗ ಕಿಟಕಿಗೆ ತಲೆ ಒರಗಿಸಿ, "ಎಲ್ಲಾ ಮನೀ ಆತು. ಇನ್ನ ಒಂದ ಉಳದೈತಿ" ಎಂದಳು. ಯಾವುದು ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ದೀಪಾ ಕೂಸಿಗೆ ಸ್ನಾನ ಮಾಡಿಸಿ ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ನೀಲಕ್ಕ ಹೊಸ್ತಿಲಿನ ಆಚೆ ನಿಂತಿದ್ದಳು. ಒಳಗೆ ಬರಲಿಲ್ಲ, ಕೂಸಿನ ಕಡೆ ನೋಡಲೂ ಇಲ್ಲ. ನೆಲ ನೋಡುತ್ತ, ಬೇರೆ ಎಲ್ಲ ಮನೆಗಳಲ್ಲಿ ಹೇಳಿದ ಹಾಗೆಯೇ ಹೇಳತೊಡಗಿದಳು. "ನಾ ಕೊಟ್ಟ ಮುಲಾಮು ಕೆಟ್ಟಿತ್ತವಾ. ನಿಮ್ಮ ಮನ್ಯಾಗ ಇನ್ನೂ ಇದ್ರ..." ಎಲ್ಲರ ಮನೆಯಲ್ಲೂ ಪೂರ್ತಿ ಹೇಳಿದ ಮಾತು ನಮ್ಮ ಮನೆಯಲ್ಲಿ ಅರ್ಧಕ್ಕೇ ನಿಂತಿತು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಎದುರು ಮನೆಯ ಹುಡುಗಿ ಕೂಗಾಡಿದ್ದನ್ನು ದೀಪಾ ಕಿಟಕಿಯಿಂದ ನೋಡಿದ್ದಳು ಎಂದು ನನಗೆ ಆಮೇಲೆ ಗೊತ್ತಾಯಿತು. ಅವಳ ಕಣ್ಣಿಂದ ನೀರು ಇಳಿಯತೊಡಗಿತು. "ಆಯಿ, ಮುಲಾಮು ಬೇಡಿ ತಂದಾಕಿ ನಾನ. ನನ್ನ ಮ್ಯಾಲಿನ ಸಿಟ್ಟು ನಿನ್ನ ಮ್ಯಾಲ ಹಾಕಿದೆ" ಎಂದಳು. ಮೂಗು ಒರೆಸಿಕೊಂಡು, "ಹೊರಗ ಯಾಕ ನಿಂತಿ? ಒಳಗ ಬಾ. ಸಾಬೂನು ಹಚ್ಚಿ ಕೈ ತೊಳಕೋ. ಇವತ್ತ ಕೂಸಿಗೆ ಕ್ರೀಮ್ ನೀನ ಹಚ್ಚು" ಎಂದಳು.

ನೀಲಕ್ಕ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬಚ್ಚಲಿಗೆ ಹೋಗಿ ಎಷ್ಟು ಹೊತ್ತು ಕೈ ತೊಳೆದಳೆಂದರೆ, ಆ ತೆಳ್ಳನೆ ತೊಗಲು ಕಿತ್ತು ಬಂದೀತೆಂದು ನಾನೇ ಹೋಗಿ ನಲ್ಲಿ ಬಂದ್ ಮಾಡಿ, ಸ್ವಚ್ಛ ಟವೆಲ್ ಕೊಟ್ಟೆ. ಬಂದು ದೀಪಾಳ ಪಕ್ಕದಲ್ಲಿ ಕೂತಳು. ದೀಪಾ ಚಮಚೆಯಿಂದ ಕ್ರೀಮ್ ತೆಗೆದು ಅವಳ ಅಂಗೈಗೆ ಹಾಕಿದಳು. ಕೂಸು ಅವಳನ್ನು ನೋಡಿ ಕೈಕಾಲು ಬಡಿಯಿತು. ನೀಲಕ್ಕನ ಬೆರಳು ಗಲ್ಲದ ಹತ್ತಿರ ಹೋಗಿ ನಿಂತಿತು. ನಮ್ಮ ಸಾಲಿಗೆಲ್ಲ ಔಷಧ ಹೇಳುತ್ತಿದ್ದವಳು, ತಾನು ಎತ್ತಿ ಬೆಳೆಸಿದ ಹುಡುಗಿಯನ್ನು ಕೇಳಿದಳು.

"ಎಷ್ಟ ಹಚ್ಚಲಿ ದೀಪಾ?"

ನಾನು ಅಡುಗೆಮನೆಗೆ ಓಡಿಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ.

ಸಂಕ್ರಮಣ ಮುಗಿದ ಮೇಲೆ ಬೀಗರು ಬಂದು ತಾಯಿ-ಮಗುವನ್ನು ಕರೆದುಕೊಂಡು ಹೋದರು. ಕೂಸಿನ ಗಲ್ಲ ಈಗ ಚೆನ್ನಾಗಿದೆ. ಚಳಿಗೆ ಆಗಾಗ ಸ್ವಲ್ಪ ಕೆಂಪಾಗುತ್ತದೆ, ಬಾಯಾರು ಹೇಳಿದಂತೆ ನೋಡಿಕೊಳ್ಳುತ್ತಾರೆ. ನನ್ನ ಮನೆಯಲ್ಲಿ ಉಪ್ಪು, ಅರಿಸಿನ ಇವತ್ತಿಗೂ ಬರಿದಾಗಲು ಬಿಡುವುದಿಲ್ಲ, ಆದರೆ ಔಷಧ ಮಾತ್ರ ತಾರೀಖು ನೋಡಿ ಒಗೆಯುತ್ತೇನೆ. ಅದು ಕಲಿಯಲು ಸುಲಭ. ಒಳ್ಳೆಯದಾಗಲಿ ಎಂದು ಕೊಟ್ಟದ್ದರಿಂದ ಕೆಡುಕಾಯಿತು ಎಂದು ಗೊತ್ತಾದ ಮೇಲೆ, ಯಾರೂ ಕೇಳದಿದ್ದರೂ, ಬೈಸಿಕೊಳ್ಳುತ್ತ ಮನೆ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದಿದೆಯಲ್ಲ, ಅದು ನನ್ನಿಂದ ಆಗುತ್ತಿತ್ತೇ? ಸುಮ್ಮನಿರ್ರಿ ಎಂದು ಹೇಳಿದವಳು ನಾನೇ ಅಲ್ಲವೇ. ಈಗಲೂ ಬೆಳಿಗ್ಗೆ ಹಿತ್ತಲಲ್ಲಿ ನೀಲಕ್ಕನ ಕೆಮ್ಮು ಕೇಳಿದರೆ, ಮಾಡುವ ಕೆಲಸ ಬಿಟ್ಟು ಒಂದು ಗಳಿಗೆ ನಿಲ್ಲುತ್ತೇನೆ.